ರಾತ್ರಿ ಎರಡು ಗಂಟೆಗೆ ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತದೆ?

ಫ್ಲ್ಯಾಟಿನ ಕಾಮನ್ ಕರೆಂಟು ಬಿಲ್ಲು ಜಾಸ್ತಿ ಬಂತೆಂದರೆ ಎಲ್ಲರೂ ಮೊದಲು ಬೈಯುವುದು ಮೆಟ್ಟಿಲಿನ ಲೈಟಿಗೆ. ಹಗಲಿನಲ್ಲೂ ಉರಿಯುತ್ತಾ ಕಣ್ಣಿಗೆ ಬೀಳುವುದು ಅದೇ ತಾನೆ! ಕಾಸರಗೋಡಿನ ನೆಲ್ಲಿಕುಂಜೆ ಬದಿಯಲ್ಲಿರುವ ನಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡ, 20 ಮನೆಗಳು. ಒಂಬತ್ತು ವ್ಯಾಟಿನ 15 ಎಲ್‌ಇಡಿ ದೀಪಗಳು ರಾತ್ರಿಯಿಡೀ ಉರಿದರೂ ದಿನಕ್ಕೆ ಒಂದೂವರೆ ಯುನಿಟ್ ಚಿಲ್ಲರೆ. ನೀರಿನ ಲೆಕ್ಕ ಬೇರೆಯೇ ಇದೆ. ಬೇಸಗೆಯಲ್ಲಿ ಪಂಪು ಓಡುವಾಗ ನಮ್ಮ ಬೋರ್‌ವೆಲ್‌ನ ನೀರು 40 ಮೀಟರ್ ಕೆಳಗೆ ಹೋಗಿರುತ್ತದೆ. ಅಲ್ಲಿಂದ ತಾರಸಿಯ ಟ್ಯಾಂಕಿಗೆ ಇನ್ನೂ 20 ಮೀಟರ್. ಸಾವಿರ ಲೀಟರ್ ನೀರನ್ನು 60 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ 0.16 ಯುನಿಟ್ ಸಾಕು. ಆದರೆ ಹಳೆಯ ಪಂಪು, ಮೋಟಾರು, ಪೈಪಿನ ತಿರುವು ಎಲ್ಲ ಸೇರಿ ಮೂರರಲ್ಲಿ ಎರಡು ಪಾಲು ನುಂಗುತ್ತವೆ. ಅಲ್ಲಿಗೆ ಸಾವಿರ ಲೀಟರಿಗೆ ಅರ್ಧ ಯುನಿಟ್ ಆಯಿತು. ತಲೆಗೆ 135 ಲೀಟರ್ ಎಂಬ ಮಾಮೂಲಿ ಲೆಕ್ಕದಲ್ಲಿ, ಮನೆಗೆ ನಾಲ್ಕು ಜನರಂತೆ ದಿನಕ್ಕೆ 10,800 ಲೀಟರ್ ಬೇಕು. ಅಂದರೆ ಲೈಟಿನ ಮೂರು ಪಟ್ಟಿಗೂ ಮಿಕ್ಕಿ ಪಂಪಿನದ್ದು.

ಹಾಗಾಗಿ ಅಸೋಸಿಯೇಷನ್ ಸಭೆಯಲ್ಲಿ "ಮೆಟ್ಟಿಲಿಗೆ ಸೆನ್ಸರ್ ಲೈಟ್ ಹಾಕೋಣ" ಎಂಬ ಮಾತು ಬಂದಾಗ ನಾನು ಮೊದಲು ಟ್ಯಾಂಕಿಗೆ ಹಾಕೋಣ ಎಂದೆ. ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದವ ನಾನು. ಕೈಗೆ ಕೆಲಸವೂ ಬೇಕಿತ್ತು.

ಟ್ಯಾಂಕಿಗೆ ಹಾಕಿದ್ದು ನೀರು ತಾಗಿದರೂ ಹಾಳಾಗದ ಅಲ್ಟ್ರಾಸಾನಿಕ್ ಸೆನ್ಸರು, ಕಾರಿನ ಬಂಪರಿನಲ್ಲಿ ಇರುವಂಥದ್ದು. ಮೇಲಿನಿಂದ ಶಬ್ದ ಬಿಟ್ಟು, ಅದು ನೀರಿಗೆ ಬಡಿದು ವಾಪಸು ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತದೆ. ತೀರಾ ಹತ್ತಿರದ ಒಂದು ಗೇಣು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಟ್ಯಾಂಕಿನ ಮುಚ್ಚಳದ ಮೇಲೆ ಅಗಲದ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಅದರ ತುದಿಯಲ್ಲಿ ಕೂರಿಸಿದೆ. ಇದನ್ನೆಲ್ಲ ಯಾರೂ ಮಾಡಬಹುದು. ತೊಂದರೆ ಕೊಡುವುದು ಬಿಸಿಲು. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚು: ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331.3 ಮೀಟರ್, ಆಮೇಲೆ ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಸೇರಿಸುತ್ತಾ ಹೋಗಬೇಕು. ಬೆಳಗಿನ ಜಾವ 24 ಡಿಗ್ರಿ ಇರುವ ಟ್ಯಾಂಕಿನೊಳಗಿನ ಗಾಳಿ ಏಪ್ರಿಲ್ ಮಧ್ಯಾಹ್ನ 40ಕ್ಕೆ ಏರಿದರೆ ವೇಗದಲ್ಲಿ ಹತ್ತಿರ ಹತ್ತಿರ ಶೇಕಡಾ 3ರ ವ್ಯತ್ಯಾಸ. ನೀರು ಒಂದೂವರೆ ಮೀಟರ್ ಕೆಳಗಿದ್ದರೆ ನಾಲ್ಕು ಸೆಂಟಿಮೀಟರ್ ಏರಿದಂತೆ ಕಾಣುತ್ತದೆ. ನಮ್ಮ ಟ್ಯಾಂಕಿನ ಅಳತೆ ನಾಲ್ಕು ಮೀಟರಿಗೆ ಎರಡೂವರೆ ಮೀಟರ್, ಅಂದರೆ ಒಂದು ಸೆಂಟಿಮೀಟರಿಗೆ ಸರಿಯಾಗಿ 100 ಲೀಟರ್. ಯಾರೂ ಪಂಪು ಹಾಕದೆ 400 ಲೀಟರ್ ನೀರು ಹುಟ್ಟಿಕೊಂಡ ಹಾಗಾಯಿತು! ಪಕ್ಕದಲ್ಲೇ ಒಂದು ಉಷ್ಣತೆಯ ಸೆನ್ಸರ್ ಇಳಿಬಿಟ್ಟು ಪ್ರತಿ ಸಲ ವೇಗವನ್ನು ತಿದ್ದಿಕೊಳ್ಳುವಂತೆ ಪ್ರೋಗ್ರಾಂ ಬರೆಯಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಗ್ಗದ ಮಾಪಕಗಳಲ್ಲಿ ಈ ತಿದ್ದುಪಡಿ ಇದೆಯೇ ಎಂದು ಕೇಳಿಯೇ ಕೊಳ್ಳಿ.

ತಾರಸಿಯಿಂದ ಕೆಳಗೆ ವೈರು ಎಳೆಯಲಿಲ್ಲ. ಅಕ್ಟೋಬರ್–ನವೆಂಬರಿನ ತುಲಾಮಳೆಯ ಸಂಜೆಗಳಲ್ಲಿ ನಮ್ಮಲ್ಲಿ ಬೀಳುವ ಸಿಡಿಲು ಕಂಡವರು ನಾಲ್ಕು ಮಾಳಿಗೆ ಉದ್ದದ ತಾಮ್ರದ ತಂತಿಯನ್ನು ಮನೆಯೊಳಗೆ ತರುವುದಿಲ್ಲ. ಕಾಂಕ್ರೀಟು ದಾಟಿ ವೈಫೈ ಕೂಡ ಸರಿಯಾಗಿ ಇಳಿಯುವುದಿಲ್ಲ. 865ರಿಂದ 867 ಮೆಗಾಹರ್ಟ್ಸ್ ನಡುವೆ ಲೈಸೆನ್ಸ್ ಇಲ್ಲದೆ ಬಳಸಬಹುದಾದ, ಕಮ್ಮಿ ಕರೆಂಟಿನಲ್ಲಿ ದೂರಕ್ಕೆ ಅಂಕಿ ಕಳಿಸುವ ಲೋರಾ ರೇಡಿಯೊ ಹಾಕಿ, ಅದಕ್ಕೊಂದು ಅಂಗೈ ಅಗಲದ ಸೋಲಾರ್ ಪ್ಲೇಟು, ಒಂದು ಬ್ಯಾಟರಿ ಕೊಟ್ಟೆ. ಉಪ್ಪುಗಾಳಿಗೆ ಬೋರ್ಡಿನ ಬೆಸುಗೆ ಹಸಿರುಗಟ್ಟುತ್ತದೆ. ಅದಕ್ಕೆ ವಾರ್ನಿಷ್ ಬಳಿಯಬೇಕು. ಡಬ್ಬಿಯ ವೈರು ತೂತಿಗೆ ಸಿಲಿಕೋನ್ ತುಂಬದಿದ್ದರೆ ಇರುವೆಗಳು ಅಲ್ಲೇ ಸಂಸಾರ ಹೂಡುತ್ತವೆ.

ಇನ್ನು ಅಸಲು ವಿಷಯ. ಹಗಲಿನ ಅಂಕಿಗಳಿಂದ ಏನೂ ತಿಳಿಯುವುದಿಲ್ಲ. ಯಾರೋ ಬಟ್ಟೆ ಒಗೆಯುತ್ತಾರೆ, ಯಾರದೋ ಮನೆಗೆ ನೆಂಟರು ಬಂದಿರುತ್ತಾರೆ. ನೋಡಬೇಕಾದದ್ದು ರಾತ್ರಿ ಎರಡರಿಂದ ನಾಲ್ಕು. ಪಂಪು ನಿಂತಿರುತ್ತದೆ, ಜನ ಮಲಗಿರುತ್ತಾರೆ, ಗಾಳಿಯ ಬಿಸಿಯೂ ಹೆಚ್ಚು ಏರಿಳಿಯುವುದಿಲ್ಲ. ಆಗಲೂ ಮಟ್ಟ ಇಳಿಯುತ್ತಿದ್ದರೆ ನೀರು ಸೋರುತ್ತಿದೆ ಎಂದೇ ಅರ್ಥ. ನಮ್ಮಲ್ಲಿ ಎರಡು ಗಂಟೆಯಲ್ಲಿ ಎರಡು ಸೆಂಟಿಮೀಟರ್ ಇಳಿಯುತ್ತಿತ್ತು. ಒಂದು ರಾತ್ರಿಯ ಅಂಕಿಯನ್ನು ನಂಬುವ ಹಾಗಿಲ್ಲ, ಸೆನ್ಸರಿನ ತಪ್ಪೇ ಒಂದು ಸೆಂಟಿಮೀಟರ್ ಇರಬಹುದು. ದಿನವೂ ಅಷ್ಟೇ ಇಳಿದರೆ ಮಾತ್ರ ಅದು ನಿಜ. ಗಂಟೆಗೆ 100 ಲೀಟರ್, ದಿನಕ್ಕೆ 2,400. ಕರೆಂಟಿನಲ್ಲಿ ಒಂದೂಕಾಲು ಯುನಿಟ್ ಮಾತ್ರ, ಅದರಿಂದ ಯಾರೂ ಬಡವರಾಗುವುದಿಲ್ಲ. ಆದರೆ ಏಪ್ರಿಲಿನಲ್ಲಿ ಐದು ದಿನಕ್ಕೆ 12,000 ಲೀಟರಿನ ಒಂದು ಟ್ಯಾಂಕರ್ ಎಂದು ಹೇಳಿದಾಗ ಸಭೆಯಲ್ಲಿ ಫೋನು ನೋಡುತ್ತಿದ್ದವರೂ ತಲೆ ಎತ್ತಿದರು.

ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಪ್ರತಿ ಮನೆಗೆ ಮೀಟರ್ ಹಾಕಬೇಕೆಂದು ಕೆಲವರು ಹೇಳಿದರು. ಬೇಡ ಎಂದೆ. ತಾರಸಿಯಿಂದ ಇಳಿಯುವ ಪ್ರತಿ ಪೈಪು ಲೈನಿಗೂ ಒಂದು ವಾಲ್ವ್ ಇದ್ದೇ ಇದೆ. ಮನೆಗಳಿಗೆ ಮೊದಲೇ ತಿಳಿಸಿ, ರಾತ್ರಿ ಒಂದೊಂದೇ ಲೈನು ಮುಚ್ಚಿಟ್ಟು ಇಳಿತ ಯಾವಾಗ ನಿಲ್ಲುತ್ತದೆ ಎಂದು ನೋಡಿದರೆ ಸಾಕು. ಸಿಕ್ಕಿದ ಲೈನಿನ ಮನೆಗಳ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ಒಂದಿಷ್ಟು ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟೆವು. ಎರಡು ಮನೆಗಳ ಕಮೋಡಿನಲ್ಲಿ ನೀಲಿ ಇಳಿದಿತ್ತು. ಅದರಲ್ಲೊಂದು ಬೀಗ ಹಾಕಿದ ಮನೆ, ಮನೆಯವರು ದುಬೈಯಲ್ಲಿ, ಕೀ ಅವರ ಅತ್ತೆಯ ಹತ್ತಿರ ಚೆರ್ಕಳದಲ್ಲಿ. ಗಲ್ಫಿನಲ್ಲಿರುವವರ ಮನೆಗಳು ಕಾಸರಗೋಡಿನ ಯಾವ ಫ್ಲ್ಯಾಟಿನಲ್ಲಿಲ್ಲ ಹೇಳಿ! ಹೊರಡುವಾಗ ಮನೆಯೊಳಗಿನ ಮೇನ್ ವಾಲ್ವ್ ಮುಚ್ಚಿ ಹೋಗಬೇಕು ಎಂಬ ನಿಯಮ ಅಲ್ಲಿಂದ ಶುರುವಾಯಿತು. ಎರಡೂ ಕಡೆ ಹಾಳಾಗಿದ್ದದ್ದು ರಬ್ಬರಿನ ವಾಷರು.

ಮನೆಮನೆಗೆ ಮೀಟರು ಬೇಡವೆಂದದ್ದು ಖರ್ಚಿಗಲ್ಲ. ನಿಮಿಷ ನಿಮಿಷಕ್ಕೆ ನೀರಿನ ಲೆಕ್ಕ ಬಂದರೆ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಮನೆ ಖಾಲಿ ಇದೆ ಎಂಬುದೆಲ್ಲ ಗೊತ್ತಾಗುತ್ತದೆ. ಆಮೇಲೆ ಒಬ್ಬರು ಕೋಣೆಗಳಿಗೆ ಕಾರ್ಬನ್ ಡೈಆಕ್ಸೈಡ್ ಮಾಪಕ ಹಾಕುವ ಸಲಹೆ ತಂದರು. ಅದಂತೂ ಕೋಣೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ನೇರವಾಗಿ ಹೇಳುವ ಯಂತ್ರ. ಬೇಕಾದವರು ತಮ್ಮ ಮನೆಗೆ ಹಾಕಿಕೊಳ್ಳಲಿ, ಅಂಕಿ ಅವರಲ್ಲೇ ಇರಲಿ. ಅಸೋಸಿಯೇಷನ್ನಿನ ಸೆನ್ಸರು ಎಲ್ಲರಿಗೂ ಸೇರಿದ ಜಾಗದಲ್ಲಿ ಮಾತ್ರ ಇರಬೇಕು.

ಬೋರ್‌ವೆಲ್‌ಗೆ ಎರಡು ಮಾಪಕ ಹಾಕಿದೆವು. ಒಂದು ಮೋಟಾರಿನ ವೈರಿಗೆ ಕಚ್ಚಿಸುವ ಕರೆಂಟ್ ಕ್ಲ್ಯಾಂಪ್. ನೀರು ಸಿಗದೆ ಓಡುವಾಗ ಪಂಪಿನ ಆಂಪಿಯರ್ ಇಳಿಯುತ್ತದೆ, ಆ ಕ್ಷಣ ಆಫ್ ಮಾಡಿದರೆ ಮೋಟಾರು ಉಳಿಯುತ್ತದೆ. ಇನ್ನೊಂದು ನೀರಿನಲ್ಲಿ ಕರಗಿದ ಲವಣ ತಿಳಿಸುವ ಟಿಡಿಎಸ್ ಸೆನ್ಸರ್. ಉಪ್ಪುನೀರಿನ ಗೋಳು ಕಾಸರಗೋಡಿಗೆ ಹೊಸತಲ್ಲ. ಬೇಸಗೆಯಲ್ಲಿ ಹೊಳೆಯ ಹರಿವು ಕುಗ್ಗಿ ಸಮುದ್ರದ ನೀರು ಮೇಲಕ್ಕೆ ಬರುತ್ತಿದ್ದ ಕಾಲದಲ್ಲಿ, ಬಾವಿಕ್ಕರೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟ ಪೂರ್ತಿಯಾಗುವ ಮೊದಲು, ನಲ್ಲಿಯಲ್ಲೇ ಉಪ್ಪು ಕುಡಿದವರು ನಾವು. ನೆಲದಡಿಯ ಕಥೆಯೂ ಹಾಗೆಯೇ. ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿ ಎಂಬುದು ಗೈಬೆನ್–ಹರ್ಜ್‌ಬರ್ಗ್ ಲೆಕ್ಕ. ಒಂದೇ ಸಮನೆ ಎಳೆದರೆ ಉಪ್ಪು ಕೆಳಗಿನಿಂದ ಎದ್ದು ಬರುತ್ತದೆ. ನಿಲ್ಲಿಸಿ ನಿಲ್ಲಿಸಿ ಓಡಿಸಿದರೆ ನಮ್ಮ ಬೋರ್‌ವೆಲ್‌ನಲ್ಲಿ ಟಿಡಿಎಸ್ ಏರುವುದು ನಿಧಾನವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 2,000ದವರೆಗೆ. ನಾವು ಸಾವಿರ ದಾಟಿದರೆ ಪಂಪಿಗೆ ಬಿಡುವು ಕೊಡುತ್ತೇವೆ. ಟಿಡಿಎಸ್ ಕಡ್ಡಿ ಸದಾ ನೀರಲ್ಲಿದ್ದರೆ ಪಾಚಿ ಕಟ್ಟಿ ಸುಳ್ಳು ಹೇಳುತ್ತದೆ, ಆಗಾಗ ಒರೆಸಬೇಕು.

ಇದನ್ನೆಲ್ಲ ನಾನು ಚಂದದ ಗ್ರಾಫಾಗಿ ಎಲ್ಲರ ಮೊಬೈಲಿಗೆ ಬರುವ ಹಾಗೆ ಮಾಡಿಟ್ಟೆ. ಮೊದಲ ವಾರ ಎಲ್ಲರೂ ನೋಡಿದರು, ಆಮೇಲೆ ನನ್ನ ಹೆಂಡತಿಯೂ ನೋಡಲಿಲ್ಲ. ಪಂಪು ಹಾಕುವುದು ವಾಚ್‌ಮನ್ ಅಣ್ಣ. ಅವರಿಗೆ ಗ್ರಾಫು ಬೇಡ. ಪಂಪಿನ ಸ್ವಿಚ್ಚಿನ ಪಕ್ಕದಲ್ಲಿ ಮೂರು ದೀಪ ಇಟ್ಟೆ: ಹಸಿರಾದರೆ ಹಾಕಬಹುದು, ಹಳದಿಯಾದರೆ ಕಾಯಬೇಕು, ಕೆಂಪಾದರೆ ನನಗೆ ಫೋನ್. ಕೆಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸಿದೆ. "ಮಾಷ್ಟ್ರೇ, ಹಳದಿ ಬಂದು ಒಂದು ಗಂಟೆ ಆಯ್ತು, ಮನೆಯವರು ನೀರಿಲ್ಲ ಅಂತ ಬೊಬ್ಬೆ ಹಾಕ್ತಾರೆ, ಏನು ಮಾಡ್ಲಿ?" ಎಂದು ಅವರು ಕೇಳಿದ ಮೇಲೆ, ಹಳದಿ ಯಾಕೆ ಬರುತ್ತದೆಂದು ಮನೆಗಳಿಗೂ ಒಂದು ಚೀಟಿ ಹಂಚಿದೆವು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರು ದೀಪಗಳೇ.

ಮೆಟ್ಟಿಲಿನ ಸೆನ್ಸರ್ ಲೈಟನ್ನೂ ಆಮೇಲೆ ಹಾಕಿದೆವು, ಜನರ ಸಮಾಧಾನಕ್ಕೆ.

ಈಗ ಚರ್ಚೆ ನಡೆಯುತ್ತಿರುವುದು ತಾರಸಿಯ ಮಳೆನೀರಿನ ಬಗ್ಗೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಮ್ಮ 200 ಚದರ ಮೀಟರ್ ತಾರಸಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, ಐದೂವರೆ ಲಕ್ಷ ಲೀಟರ್. ಅದೆಲ್ಲ ಈಗ ಚರಂಡಿಗೆ ಹೋಗುತ್ತಿದೆ. ಹೊಯಿಗೆ, ಜಲ್ಲಿ ಹಾಕಿದ ಸೋಸುಗುಂಡಿ ದಾಟಿಸಿ ಹಿತ್ತಿಲ ಹಳೆಯ ಬಾವಿಗೆ ಬಿಡುವುದೆಂದು ತೀರ್ಮಾನ ಆಗಿದೆ. ಕೆಲಸ ಆಗುವುದಕ್ಕೆ ಮೊದಲೇ ಬಾವಿಯಲ್ಲೂ ಒಂದು ಮಟ್ಟದ ಸೆನ್ಸರ್ ಇಳಿಸಿದ್ದೇನೆ, ಈ ವರ್ಷದ ಏಪ್ರಿಲನ್ನು ಮುಂದಿನ ಏಪ್ರಿಲಿನ ಜೊತೆ ಹೋಲಿಸಲು ಅಂಕಿ ಬೇಕಲ್ಲ. ಪೈಪಿನ ಕೊಟೇಷನ್ ಬಂದಿದೆ, ಮಹಾಸಭೆಯಲ್ಲಿ ಪಾಸಾಗಬೇಕು.