144 ಹರ್ಟ್ಸ್ ಇಟ್ಟರೆ ಲ್ಯಾಪ್‌ಟಾಪ್ ಸ್ಕ್ರೀನ್ ಬೇಗ ಹಾಳಾಗುತ್ತಾ?

ಬಾಗಲಕೋಟೆಯಿಂದ ಅಣ್ಣನ ಮಗ ಫೋನ್ ಮಾಡಿದ್ದ. "ಕಾಕಾ, ಹೊಸ ಲ್ಯಾಪ್‌ಟಾಪ್ 144 ಹರ್ಟ್ಸಿಂದು ಐತಿ. ಸ್ಕ್ರೀನ್ ಲಗೂ ಹಾಳಾಗಬಾರ್ದಂತ 60ಕ್ಕ ಇಟ್ಟೀನಿ."

ರೊಕ್ಕ ಕೊಟ್ಟು ಸೋಫಾ ತಂದು, ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯದೇ ಕೂರ್ತಾರಲ್ಲ, ಹಾಗಾಯ್ತು ಇದು. 144ಕ್ಕೆ ಇಡಪ್ಪಾ, ಏನೂ ಆಗಲ್ಲ.

ಹರ್ಟ್ಸ್ ಅಂದ್ರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತೆ ಅನ್ನೋದು, ಅಷ್ಟೇ. 60ರಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, 144ರಲ್ಲಿ 6.9ಕ್ಕೊಮ್ಮೆ. ಒಳಗೆ ತಿರುಗಿ ಸವೆಯೋಕೆ ಬೇರಿಂಗೂ ಇಲ್ಲ, ಬೆಲ್ಟೂ ಇಲ್ಲ. ಎಲ್‌ಸಿಡಿ ಸ್ಕ್ರೀನ್ ಮಂಕಾಗೋದು ಹಿಂದಿರುವ ಎಲ್‌ಇಡಿ ದೀಪಗಳು ಹಳೆಯದಾದಾಗ. ಅದಕ್ಕೆ ಕಾರಣ ಎಷ್ಟು ತಾಸು ಉರಿದವು, ಎಷ್ಟು ಬ್ರೈಟ್‌ನೆಸ್, ಎಷ್ಟು ಕಾವು ಅನ್ನೋದು. ಹಿಂದೆ ದೀಪವಿಲ್ಲದೆ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ಸ್ಕ್ರೀನ್ ಆದ್ರೆ ಚಿಂತೆ ಬೇರೆ: ಕೆಳಗಿನ ಐಕಾನ್ ಪಟ್ಟಿ, ಅಂದ್ರೆ ಟಾಸ್ಕ್‌ಬಾರ್, ಫುಲ್ ಬ್ರೈಟ್‌ನೆಸ್‌ನಲ್ಲಿ ದಿನಗಟ್ಟಲೆ ನಿಂತರೆ ಅದರ ಅಚ್ಚು ಉಳಿದುಬಿಡಬಹುದು. ಟಾಸ್ಕ್‌ಬಾರನ್ನು ಹೈಡ್ ಮಾಡಿ.

ಹಾಗಾದ್ರೆ ಪೆಟ್ಟು ಎಲ್ಲಿ ಬೀಳುತ್ತೆ? ಬ್ಯಾಟರಿಗೆ. ಹರ್ಟ್ಸ್ ಜಾಸ್ತಿ ಆದಷ್ಟು ಕರೆಂಟ್ ಜಾಸ್ತಿ ಬೇಕು, ಚಾರ್ಜ್ ಬೇಗ ಇಳಿಯುತ್ತೆ, ಮತ್ತೆ ಮತ್ತೆ ಚಾರ್ಜ್ ಮಾಡಿದಷ್ಟೂ ಬ್ಯಾಟರಿ ಸವೆಯುತ್ತೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಬದಲಿಸಿ. ಅಲ್ಲೇ ಡೈನಾಮಿಕ್ ಅಂತ ಆಯ್ಕೆ ಕಂಡರೆ ಕಣ್ಣುಮುಚ್ಚಿ ಅದನ್ನೇ ಒತ್ತಿ, ಸುಮ್ನೆ ಇದ್ದಾಗ ತಾನೇ ಇಳಿಸಿ, ಸ್ಕ್ರೋಲ್ ಮಾಡುವಾಗ ತಾನೇ ಏರಿಸುತ್ತೆ. ಇಲ್ಲದಿದ್ರೆ ಚಾರ್ಜರ್ ಹಾಕಿದಾಗ 144, ಕರೆಂಟ್ ಹೋದಾಗ 60. ಗೇಮ್ ಆಡುವವರು ಗೇಮಿನ ಸೆಟ್ಟಿಂಗ್‌ನಲ್ಲಿ ಎಫ್‌ಪಿಎಸ್‌ಗೂ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದ್ರೆ ಚಿತ್ರ, ತಯಾರಾಗುತ್ತೆ ಅನ್ನೋದಕ್ಕೂ) ಮಿತಿ ಹಾಕಿ. ಸ್ಕ್ರೀನ್ ತೋರಿಸೋದು 144 ಇರುವಾಗ ಗ್ರಾಫಿಕ್ಸ್ ಚಿಪ್ 250 ಫ್ರೇಮ್ ತೆಗೆದು ಸುಮ್ನೆ ಬಿಸಿಯಾಗೋದು ಯಾಕೆ, ಅಲ್ವಾ?

ಒಂದು ಮಾತ್ರ ಬೇಡ. 60ರ ಸ್ಕ್ರೀನನ್ನು ಯಾವುದೋ ಸಾಫ್ಟ್‌ವೇರ್ ಹಾಕಿ 90ಕ್ಕೆ ಎಳೆಯೋದು. ಕಂಪನಿ ಕೊಟ್ಟ ಮಿತಿಯೊಳಗೆ ಏರಿಸೋದು ಬೇರೆ, ಅದನ್ನು ದಾಟೋದು ಬೇರೆ. ಸ್ಕ್ರೀನ್ ಮಿಣುಕಬಹುದು, ಪೂರ್ತಿ ಕಪ್ಪಾಗಬಹುದು. ಸೆಟ್ಟಿಂಗ್ಸ್‌ನಿಂದ ಬದಲಿಸಿ ಕಪ್ಪಾದರೆ ಗಾಬರಿ ಬೇಡ, ಏನೂ ಒತ್ತದೆ ಕೂತರೆ 15 ಸೆಕೆಂಡಿನಲ್ಲಿ ವಿಂಡೋಸ್ ಹಳೆಯದಕ್ಕೇ ಮರಳುತ್ತೆ.

ನಮ್ಮ ವಿಜಯಪುರದಲ್ಲಿ ನಿಜವಾದ ವೈರಿ ಹರ್ಟ್ಸ್ ಅಲ್ಲ, ಬಿಸಿಲು ಮತ್ತು ಧೂಳು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಲ್ಯಾಪ್‌ಟಾಪನ್ನು ಗಾದಿ ಮೇಲಿಟ್ಟು, ಕೆಳಗಿನ ಗಾಳಿಕಿಂಡಿ ಮುಚ್ಚಿ, 100 ಪರ್ಸೆಂಟ್ ಚಾರ್ಜ್ ಆದರೂ ವೈರ್ ಕೀಳದೆ ಬಿಟ್ಟರೆ ಬ್ಯಾಟರಿ ಬಾಳುವುದು ಹೇಗೆ? ನಾನೇ ಹಾಗೆ ಮಾಡಿದವನು. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿತ್ತು. ಅದರ ಸ್ಕ್ರೀನ್ ಬರೀ 60 ಹರ್ಟ್ಸ್, ಇವತ್ತಿಗೂ ಚೆನ್ನಾಗಿದೆ!

ಅದಕ್ಕೆ ಗಟ್ಟಿ ಮೇಜಿನ ಮೇಲೆ ಇಡಿ, ಬೇಸಿಗೆ ಶುರುವಾಗುವ ಮೊದಲು ಫ್ಯಾನಿನ ಧೂಳು ತೆಗೆಸಿ, ಲ್ಯಾಪ್‌ಟಾಪ್ ಕಂಪನಿಯ ಆಪ್‌ನಲ್ಲಿ ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ಅದನ್ನು ಒತ್ತದೆ, ಚುಚ್ಚದೆ ರಿಪೇರಿಗೆ ಒಯ್ಯಿರಿ.