ಸೊಂಟನೋವು: ಯಾವಾಗ ವೈದ್ಯರ ಬಳಿ ಹೋಗಲೇಬೇಕು?

ನೀರಿನ ಕೊಡ ಎತ್ತುವಾಗಲೋ ಬೈಕಿನಲ್ಲಿ ಹಳ್ಳದ ರಸ್ತೆ ಹಾಯುವಾಗಲೋ ಹಿಡಿದುಕೊಂಡ ಸೊಂಟ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಸಡಿಲಗೊಳ್ಳುತ್ತದೆ. ಆದರೆ ನೋವಿನ ತೀವ್ರತೆಯೊಂದರಿಂದಲೇ ಅಪಾಯವನ್ನು ಅಳೆಯಲಾಗದು. ಮಗ್ಗುಲು ಬದಲಿಸಲಾಗದಂಥ ನೋವೂ ತಾನಾಗಿ ಇಳಿಯಬಹುದು, ಸಹಿಸಬಹುದಾದ ನೋವಿನ ಹಿಂದೆ ಗಂಭೀರ ಕಾಯಿಲೆಯೂ ಇರಬಹುದು. ಆದ್ದರಿಂದ ನೋವಿನ ಜೊತೆಗೆ ಇನ್ನೇನು ಬಂದಿದೆ ಎಂಬುದನ್ನು ಕ್ರಮವಾಗಿ ನೋಡಿಕೊಳ್ಳಬೇಕು.

ಮೊದಲು ಗಮನಿಸಬೇಕಾದದ್ದು ಮಲಮೂತ್ರದ ಹಿಡಿತ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದು, ಅಲ್ಲಿಂದ ಕೆಳಗೆ ನರಗಳ ಕಂತೆಯೊಂದು ಕಾಲುಗಳಿಗೂ ಮೂತ್ರಕೋಶ ಮತ್ತು ಗುದದ್ವಾರಕ್ಕೂ ಇಳಿಯುತ್ತದೆ. ದೊಡ್ಡದಾಗಿ ಜಾರಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಈ ಕಂತೆಯನ್ನು ಅದುಮಿದರೆ ಮೂತ್ರ ಹೊರಡಲು ತಿಣುಕಬೇಕಾಗುತ್ತದೆ, ಮೂತ್ರಕೋಶ ತುಂಬಿದ್ದೂ ತಿಳಿಯುವುದಿಲ್ಲ, ಕೆಲವೊಮ್ಮೆ ಅರಿವಿಲ್ಲದೆಯೇ ಬಟ್ಟೆ ಒದ್ದೆಯಾಗುತ್ತದೆ. ಶೌಚದ ನಂತರ ತೊಳೆದುಕೊಳ್ಳುವಾಗ ನೀರಾಗಲಿ ಕೈಯಾಗಲಿ ತಾಗಿದ್ದು ಗೊತ್ತಾಗದಿದ್ದರೆ, ತೊಡೆಗಳ ನಡುವೆ ಜೋಮು ಹಿಡಿದಂತಿದ್ದರೆ, ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿಯಾದರೂ ಎಂಆರ್‌ಐ ಮತ್ತು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ತಡವಾದರೆ ಈ ನಷ್ಟ ಶಾಶ್ವತವಾಗಬಹುದು. ಮನೆಯ ಹಿರಿಯರು, ಅದರಲ್ಲೂ ಹೆಂಗಸರು, ಸಂಕೋಚದಿಂದ ಇದನ್ನು ಬಾಯಿಬಿಟ್ಟು ಹೇಳದೆ ಉಳಿಯುವುದುಂಟು. ಮನೆಯವರೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಎರಡನೆಯದು ಕಾಲಿನ ಬಲ. ಗೋಡೆಗೆ ಕೈಯಾನಿಸಿ ಮೊದಲು ಹಿಮ್ಮಡಿಯ ಮೇಲೆ, ಅನಂತರ ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಮೇಲೇಳದೆ ಸೋತರೆ, ಚಪ್ಪಲಿ ತಿಳಿಯದಂತೆ ಕಳಚಿಬೀಳುತ್ತಿದ್ದರೆ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಎರಡೂ ಕಾಲು ಸೋಲುತ್ತಿದ್ದರೆ ಅದು ತುರ್ತು ಸ್ಥಿತಿ. ಬಲ ಕುಂದದೆ ಕಾಲಿನುದ್ದಕ್ಕೂ ನೋವು ಮಾತ್ರ ಹರಿಯುತ್ತಿದ್ದರೆ ವೈದ್ಯರನ್ನು ಕಾಣಬೇಕು, ಆದರೆ ಗಾಬರಿ ಬೇಕಿಲ್ಲ.

ಮೂರನೆಯದಾಗಿ ಜ್ವರ ಮತ್ತು ತೂಕ. ಸಂಜೆಯ ಹೊತ್ತು ಮೈ ಬಿಸಿಯಾಗುವುದು, ರಾತ್ರಿ ಬೆವರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಬೆನ್ನುಮೂಳೆಯ ಕ್ಷಯದ ಲಕ್ಷಣಗಳಾಗಿರಬಹುದು. ಕೆಮ್ಮೇ ಇಲ್ಲದೆಯೂ ಕ್ಷಯ ಮೂಳೆಗೆ ತಗಲುತ್ತದೆ. ದನ-ಕುರಿ ಸಾಕುವವರಲ್ಲಿ, ಹಸಿ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕೂ ಹೀಗೆಯೇ ಕಾಡಬಲ್ಲದು, ಆದ್ದರಿಂದ ಕಸುಬನ್ನು ವೈದ್ಯರಿಗೆ ತಿಳಿಸಲೇಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರು ಹೊಸ ಸೊಂಟನೋವನ್ನು, ವಿಶೇಷವಾಗಿ ಮಲಗಿದರೂ ಶಮನವಾಗದ ನೋವನ್ನು, ಕಡೆಗಣಿಸಬಾರದು.

ಮುಟ್ಟು ನಿಂತ ಮಹಿಳೆಯರಲ್ಲಿ, ವೃದ್ಧರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಮೂಳೆ ಟೊಳ್ಳಾಗಿರುವುದರಿಂದ ಸಣ್ಣ ಜಾರುವಿಕೆಯೂ ಕಶೇರುಕವನ್ನು, ಅಂದರೆ ಬೆನ್ನುಸಾಲಿನ ಒಂದು ಮೂಳೆಯನ್ನು, ಮುರಿಯಬಹುದು. ಅಂಥವರಿಗೆ ಎಕ್ಸ್‌ರೇ ಬೇಕು. ಪಕ್ಕೆಯಿಂದ ತೊಡೆಸಂದಿಗೆ ಅಲೆಯಲೆಯಾಗಿ ಬರುವ ನೋವು ಮೂತ್ರಕೋಶದ ಕಡೆಗೆ ಜಾರುತ್ತಿರುವ ಕಲ್ಲಿನದಾಗಿರಬಹುದು. ಯುವಕರಲ್ಲಿ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿದು, ಓಡಾಡಿದ ಮೇಲೆ ಹಗುರಾಗುವ ಸೊಂಟ ಮೂರು ತಿಂಗಳು ಹಾಗೆಯೇ ಮುಂದುವರಿದರೆ ಸಂಧಿವಾತ ತಜ್ಞರನ್ನು ಕಾಣಬೇಕು.

ಇವಾವುದೂ ಇಲ್ಲದಿದ್ದರೆ ಹಾಸಿಗೆ ಹಿಡಿಯದೆ, ಆಗುವಷ್ಟು ನಡೆದಾಡುತ್ತಿರಬೇಕು. ಉಳುಕು ತೆಗೆಯುತ್ತೇವೆಂದು ಬೆನ್ನು ತುಳಿಯುವವರ, ಜಗ್ಗುವವರ ಕೈಗೆ ಸಿಗಬಾರದು. ಹೊಟ್ಟೆಯ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ನಾಲ್ಕರಿಂದ ಆರು ವಾರಗಳಲ್ಲಿ ನೋವು ತಗ್ಗದಿದ್ದರೆ, ಅಥವಾ ದಿನೇದಿನೇ ಏರುತ್ತಿದ್ದರೆ ಇನ್ನೂ ಮೊದಲೇ, ನೋವು ಶುರುವಾದ ದಿನವನ್ನೂ ಸೇವಿಸಿದ ಮಾತ್ರೆಗಳ ಹೆಸರನ್ನೂ ಬರೆದುಕೊಂಡು ವೈದ್ಯರ ಬಳಿ ಹೋಗಬೇಕು.