ಸಿಲಿಕೋನ್ ಎಷ್ಟು ಬೇಕು? ರಾಗಿ ಸುರಿದು ನೋಡಿ

ಮಡಿಕೇರಿ ಕಡೆ ಮನೆಯಲ್ಲೇ ಸೋಪು, ಮೇಣದಬತ್ತಿ ಮಾಡುವವರು ಸುಮಾರು ಜನ ಇದ್ದೀರಲ್ವಾ, ಇದು ನಿಮಗೆ. ಅಚ್ಚಿನ ಸಿಲಿಕೋನ್, ಅಂದ್ರೆ ಮಾದರಿಯ ಮೇಲೆ ಸುರಿದಾಗ ರಬ್ಬರಿನಂತೆ ಗಟ್ಟಿಯಾಗಿ ಅಚ್ಚಾಗುವ ದ್ರವ, ದುಬಾರಿ. ಕಣ್ಣಂದಾಜಲ್ಲಿ ಕಲಸಬೇಡಿ.

ಕಾಫಿ ಗೊಂಚಲಿನ ಮಾದರಿ ಇದೆ ಅಂದುಕೊಳ್ಳಿ. ಸುತ್ತ ಮತ್ತು ಮೇಲೆ 1 ಸೆಂ.ಮೀ. ಜಾಗ ಬಿಟ್ಟು ಡಬ್ಬಿ ಮಾಡಿ. ಡಬ್ಬಿಯ ಒಳಗಿನ ಅಳತೆ 12, 8, 4 ಸೆಂ.ಮೀ. ಆದರೆ ಗುಣಿಸಿದಾಗ 384 ಮಿ.ಲೀ. ಮಾದರಿಯನ್ನು ಅಳತೆ ಜಾರಿನ ನೀರಲ್ಲಿ ಮುಳುಗಿಸಿ. ನೀರು 84 ಮಿ.ಲೀ. ಏರಿದರೆ ಅದನ್ನು ಕಳೆಯಿರಿ, ಉಳಿದದ್ದು 300. ಸಿಲಿಕೋನ್ ನೀರಿಗಿಂತ ಸ್ವಲ್ಪ ಭಾರ, ಸಾಮಾನ್ಯವಾಗಿ ಮಿ.ಲೀ.ಗೆ 1.1 ಗ್ರಾಂ ಆಸುಪಾಸು. ಅಂದ್ರೆ 330 ಗ್ರಾಂ. ಕಪ್ಪಿಗೆ, ಕಡ್ಡಿಗೆ ಅಂಟುವುದಕ್ಕೆ ಶೇ. 10 ಸೇರಿಸಿ, ಸುಮಾರು 365 ಗ್ರಾಂ. ಗಟ್ಟಿಯಾಗಿಸುವ ದ್ರವವೂ ಸೇರಿದ ಒಟ್ಟು ತೂಕ ಇದು. ನಿಮ್ಮ ಸಿಲಿಕೋನ್ ಡಬ್ಬದ ಮೇಲೆ ಸಾಂದ್ರತೆ ಬೇರೆ ಇದ್ದರೆ ಅದನ್ನೇ ಹಿಡಿಯಿರಿ.

ಮರದ ಕೆತ್ತನೆಯನ್ನು ನೀರಿಗೆ ಹಾಕೋಕಾಗಲ್ಲ. ಮಾದರಿಯನ್ನು ಡಬ್ಬಿಯಲ್ಲಿಟ್ಟು ಒಣ ರಾಗಿ ಸುರಿಯಿರಿ, ಮೇಲೆ 1 ಸೆಂ.ಮೀ. ಮುಚ್ಚುವಷ್ಟು. ಆಮೇಲೆ ಆ ರಾಗಿಯನ್ನು ಅಳತೆ ಕಪ್ಪಿಗೆ ಬಗ್ಗಿಸಿ. ರಾಗಿ ಎಷ್ಟು ಮಿ.ಲೀ. ಇದೆಯೋ ಸಿಲಿಕೋನ್ ಅಷ್ಟೇ ಮಿ.ಲೀ. ಬೇಕು, ಕಳೆಯುವ ಲೆಕ್ಕವೇ ಇಲ್ಲ! ಅಕ್ಕಿಗಿಂತ ರಾಗಿ ಮೇಲು, ಸಂದಿಗೂ ಇಳಿಯುತ್ತದೆ. ಧೂಳು ಮಾತ್ರ ಚೆನ್ನಾಗಿ ಒರೆಸಿ.

ಹಳೇ ಅಚ್ಚು ಇದ್ದರೆ ಎಸೆಯಬೇಡಿ. ಅದೇ ಜಾತಿಯ ಸಿಲಿಕೋನ್ ಆದರೆ ಚೂರು ಮಾಡಿ ಮಾದರಿಯಿಂದ ದೂರದ ಮೂಲೆಗೆ ತುಂಬಬಹುದು, ಜಾಸ್ತಿ ಉಳಿಯುತ್ತದೆ. ಚಾಕೊಲೇಟ್ ಅಚ್ಚಿಗೆ ಮಾತ್ರ ಆಹಾರಕ್ಕೆ ಯೋಗ್ಯ ಎಂದು ನಮೂದಿಸಿರುವ ಪ್ಲಾಟಿನಂ ಸಿಲಿಕೋನನ್ನೇ (ಪ್ಲಾಟಿನಂ ಸಹಾಯದಿಂದ ಗಟ್ಟಿಯಾಗುವ ಬಗೆ) ತರಿಸಿ.